ಪಥ್ಯದ ಹುಚ್ಚೂ ದುಡಿಯುವವನ ಊಟವೂ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸು ಎಂದರೆ ಎಷ್ಟು ಹೊತ್ತು ಬೇಕಾದರೂ ಮಾತನಾಡಿಯೇನು. ಈ ಸಲ ಸಮಿತಿಯವರು ಊಟದ ವಿಷಯ ಮಾತನಾಡಬೇಕೆಂದು ಹೇಳಿದ್ದಾರೆ. ನಾನು ವೈದ್ಯನಲ್ಲ, ಏಳನೆಯ ತರಗತಿಯ ಆಚೆ ಓದಿದವನೂ ಅಲ್ಲ. ಆದರೆ ಅಕ್ಕಿ ತೊಳೆಯುವವರು, ಹಿಟ್ಟು ರುಬ್ಬುವವರು, ಕಾವಲಿಯ ಮುಂದೆ ನಿಲ್ಲುವವರು, ಬಡಿಸುವವರು ಎಲ್ಲರೂ ಇಲ್ಲೇ ಕುಳಿತಿರುವಾಗ ಊಟದ ಮಾತನ್ನು ನಾವಲ್ಲದೆ ಇನ್ನಾರು ಆಡಬೇಕು? ತಿಳಿದವರನ್ನು ಕೇಳಿ, ಓದಿಸಿಕೊಂಡು, ಬರೆದುಕೊಂಡು ಬಂದಿದ್ದೇನೆ.

ಈ ವಿಷಯ ಸಮಿತಿಯ ಮುಂದೆ ಬಂದದ್ದು ಹೇಗೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಮ್ಮ ಸದಸ್ಯರಲ್ಲಿ ಒಬ್ಬರು, ದೋಸೆ ಹುಯ್ಯುವ ಕೆಲಸದವರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಏಳು ದಿನದಲ್ಲಿ ಹೊಟ್ಟೆ ಕರಗಿಸುವ ಪಥ್ಯವೊಂದನ್ನು ಯಾರೋ ಅವರ ಮೊಬೈಲಿಗೆ ಕಳಿಸಿದರು. ಮೊದಲನೆಯ ದಿನ ಬರೀ ಹಣ್ಣು, ಎರಡನೆಯ ದಿನ ಬರೀ ತರಕಾರಿ, ಬೆಳಿಗ್ಗೆ ಲಿಂಬೆ ನೀರು, ಅನ್ನದ ಮುಖ ನೋಡಕೂಡದು. ಮೂರನೆಯ ದಿನ ಬೆಳಿಗ್ಗೆ ಅವರು ಎಂದಿನಂತೆ ಮಾತ್ರೆ ನುಂಗಿ, ಲಿಂಬೆ ನೀರು ಕುಡಿದು, ಆರು ಗಂಟೆಗೆ ಕಾವಲಿಯ ಮುಂದೆ ನಿಂತರು. ಒಂಬತ್ತೂವರೆಗೆ ಮೈಯೆಲ್ಲ ಬೆವರು. ಒಲೆಯ ಮುಂದೆ ಬೆವರುವುದು ಹೊಸದೇ? ಯಾರೂ ಗಮನಿಸಲಿಲ್ಲ. ಆಮೇಲೆ ಕೈ ನಡುಗಿತು, ಮಾತು ಅಡ್ಡಾದಿಡ್ಡಿಯಾಯಿತು. ಬೆಳಿಗ್ಗೆಯೇ ಕುಡಿದು ಬಂದಿದ್ದಾನೆಂದು ಗಲ್ಲಾದ ಮೇಲಿದ್ದವರು ಗದರಿಸಿದರು. ಗದರಿಸುತ್ತಿರುವಾಗಲೇ ಅವರು ಬಿದ್ದರು. ಮೊಳಕೈ ಕಾವಲಿಯ ಅಂಚಿಗೆ ತಾಗಿ ಸುಟ್ಟಿತು. ಮುಖ ತಾಗದಿದ್ದುದು ಪುಣ್ಯ.

ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಕಾರಣ ಸರಳವಾಗಿತ್ತು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳು, ಹಾಗೆಯೇ ಇನ್ಸುಲಿನ್, ನೀವು ಉಂಡಿದ್ದೀರೋ ಇಲ್ಲವೋ ಎಂದು ಕೇಳುವುದಿಲ್ಲ. ತಮ್ಮ ಪಾಡಿಗೆ ರಕ್ತದ ಸಕ್ಕರೆಯನ್ನು ಇಳಿಸುತ್ತ ಹೋಗುತ್ತವೆ. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಸಕ್ಕರೆ ತಳ ಮುಟ್ಟುತ್ತದೆ. ಮಿದುಳಿಗೆ ಉರುವಲು ಇಲ್ಲವಾಗುತ್ತದೆ. ಬೆವರು, ನಡುಕ, ಕಣ್ಣು ಕತ್ತಲೆ, ತಪ್ಪು ಮಾತು ಇವೇ ಅದರ ಲಕ್ಷಣ. ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ಕಂಡರೆ ಕುಡಿದಿದ್ದಾನೆಂದು ತಿಳಿಯಬೇಡಿ. ಎಚ್ಚರವಿದ್ದು ನುಂಗಬಲ್ಲನಾದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ, ಚೇತರಿಸಿಕೊಂಡ ಮೇಲೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, ಆಸ್ಪತ್ರೆಗೆ ಒಯ್ಯಿರಿ. ಹೊಟೆಲಿನಲ್ಲಿ ಸಕ್ಕರೆಗೆ ಬರವಿಲ್ಲ. ತಿಳಿವಳಿಕೆಯೊಂದು ಇದ್ದರೆ ಸಾಕು.

ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರ ಸಮೀಕ್ಷೆ 2023ರಲ್ಲಿ ಹೇಳಿತು. ಈ ಸಭೆಯಲ್ಲಿ ಎಷ್ಟು ಜನರಿದ್ದೀರೋ, ಕೈ ಎತ್ತಿಸುವುದಿಲ್ಲ. ಸಕ್ಕರೆಗೆ, ರಕ್ತದ ಒತ್ತಡಕ್ಕೆ, ಮೂತ್ರಪಿಂಡಕ್ಕೆ ಮದ್ದು ತೆಗೆದುಕೊಳ್ಳುವವರು ಯಾವ ಹೊಸ ಪಥ್ಯವನ್ನೂ ಮದ್ದು ಕೊಟ್ಟ ವೈದ್ಯರನ್ನು ಕೇಳದೆ ಹಿಡಿಯಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಮುಂದಿನ ಮಾತು ಉಳಿದೆಲ್ಲರಿಗೂ.

ಈ ಪಥ್ಯಗಳು ಎಲ್ಲಿಂದ ಬಂದವು? ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬೊಬ್ಬ ಶ್ರೀಮಂತನಿದ್ದ. ದೊಡ್ಡ ಮನೆತನಗಳ ಶವಸಂಸ್ಕಾರದ ಏರ್ಪಾಡು ಮಾಡುವ ವ್ಯಾಪಾರ ಅವನದು. ಬಗ್ಗಿ ತನ್ನ ಬೂಟಿನ ದಾರ ಕಟ್ಟಿಕೊಳ್ಳಲಾರದಷ್ಟು ದಪ್ಪವಾಗಿದ್ದ. ವೈದ್ಯನೊಬ್ಬನ ಮಾತು ಕೇಳಿ ರೊಟ್ಟಿ, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ಮಾಂಸ ಮೀನು ಹೆಚ್ಚಿಸಿ ಇಳಿದ. 1863ರಲ್ಲಿ ಅದನ್ನೇ ಒಂದು ಪುಸ್ತಿಕೆಯಾಗಿ ಅಚ್ಚುಹಾಕಿಸಿದ. ಅವನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯಕ್ಕೆ ಹೆಸರಾಗಿ ನಿಂತಿತು. ಈಗ ಹುಡುಗರ ಬಾಯಲ್ಲಿ ಓಡಾಡುವ ಕೀಟೋ ಎಂಬುದು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಎಂಬ ಆಸ್ಪತ್ರೆಯಿಂದ ಬಂದದ್ದು. ತೂಕ ಇಳಿಸಲಿಕ್ಕಲ್ಲ, ಮೂರ್ಛೆರೋಗದವರಿಗೆ, ವೈದ್ಯರ ಕಾವಲಿನಲ್ಲಿ ಕೊಡುವ ಚಿಕಿತ್ಸೆಯಾಗಿ. ಇಂದಿಗೂ ಕೆಲವು ಮಕ್ಕಳ ಮೂರ್ಛೆಗೆ ಅದನ್ನು ಹಾಗೆಯೇ ಕೊಡುತ್ತಾರೆ. ಇನ್ನೊಂದು ಅಮೆರಿಕದ ಕಥೆ ಕೇಳಿ. 1976ರಲ್ಲಿ ವೈದ್ಯನೊಬ್ಬ ಊಟವನ್ನೇ ಬಿಟ್ಟು ಬರೀ ಪ್ರೋಟೀನಿನ ದ್ರವ ಕುಡಿಯಿರೆಂದು ಪುಸ್ತಕ ಬರೆದ. ಕಸಾಯಿಖಾನೆಯಲ್ಲಿ ಉಳಿದ ತೊಗಲು, ನರಗಳನ್ನು ಕರಗಿಸಿ ಮಾಡಿದ ದ್ರವ ಅದು. ಲಕ್ಷಾಂತರ ಜನ ಕುಡಿದರು. ಎರಡು ವರ್ಷ ಕಳೆಯುವುದರೊಳಗೆ ಐವತ್ತಕ್ಕೂ ಮೇಲ್ಪಟ್ಟು ಸಾವುಗಳು ಸರಕಾರದ ಕಡತ ಸೇರಿದವು. ಅನೇಕರಿಗೆ ಹೃದಯದ ಬಡಿತವೇ ತಾಳ ತಪ್ಪಿತ್ತು.

ಉಂಡು ಉಂಡು ಬೆಳೆದ ಮೈಗಳಿಗಾಗಿ ಹುಟ್ಟಿದ ಸರಕು ಇದು. ಹನ್ನೆರಡು ಗಂಟೆ ನಿಂತು ದುಡಿಯುವವನಿಗೆ ಅದನ್ನೇ ಮಾರುತ್ತಿದ್ದಾರೆ.

ಆದರೆ ತೂಕ ಇಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಇಳಿಯುತ್ತದೆ. ಹೇಗೆಂದರೆ, ನಮ್ಮ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಪಿಷ್ಟದ ಒಂದು ಸಣ್ಣ ದಾಸ್ತಾನು ಇರುತ್ತದೆ. ಒಂದು ಗ್ರಾಂ ದಾಸ್ತಾನು ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅನ್ನ ರೊಟ್ಟಿ ನಿಲ್ಲಿಸಿದರೆ ಮೊದಲು ಖರ್ಚಾಗುವುದು ಈ ದಾಸ್ತಾನು. ಅದರ ನೀರೂ ಮೂತ್ರದಲ್ಲಿ ಹೋಗುತ್ತದೆ. ನಾಲ್ಕೈದು ದಿನದಲ್ಲಿ ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸಿದರೆ ಅದರಲ್ಲಿ ಹೆಚ್ಚಿನದು ನೀರು. ಪಥ್ಯ ಮುಗಿದು ಎರಡು ಹೊತ್ತು ಅನ್ನ ಉಂಡರೆ ನೀರು ತಿರುಗಿ ಬಂದು ಕೂರುತ್ತದೆ. ಆಗ ಮಾರಿದವನು, ನಿನ್ನಲ್ಲಿ ಮನೋಬಲವಿಲ್ಲ, ಇನ್ನೊಂದು ಡಬ್ಬಿ ಕೊಳ್ಳು ಎನ್ನುತ್ತಾನೆ. ಮೈಯ ವಿಷ ತೆಗೆಯುವ ಕಷಾಯ, ರಸ ಎಂದು ಮಾರುವವರಿಗೂ ಇದೇ ಉತ್ತರ ಸಾಕು: ಆ ಕೆಲಸಕ್ಕೆ ಹುಟ್ಟಿದಂದಿನಿಂದ ಯಕೃತ್ತೂ ಮೂತ್ರಪಿಂಡವೂ ಪಗಾರವಿಲ್ಲದೆ ದುಡಿಯುತ್ತಿವೆ.

ನಮ್ಮ ಅಜ್ಜಿಯಂದಿರು ಏಕಾದಶಿ ಮಾಡುತ್ತಿದ್ದರಲ್ಲ ಎನ್ನಬಹುದು. ಮಾಡುತ್ತಿದ್ದರು, ಮರುದಿನ ಬೆಳಿಗ್ಗೆ ಪಾರಣೆಯನ್ನೂ ಮಾಡುತ್ತಿದ್ದರು. ಅದು ವ್ರತ. ಅದರ ಬಗ್ಗೆ ನನಗೆ ತಕರಾರಿಲ್ಲ.

ಹಾಗಾದರೆ ಹೊಟ್ಟೆ ಏಕೆ ಬರುತ್ತದೆ? ಕೈಕಾಲು ಕಡ್ಡಿಯಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ನಮ್ಮ ದೇಶದವರಿಗೆ ಕೊಬ್ಬು ಹೊಟ್ಟೆಯ ಸುತ್ತ ಬೇಗ ಕೂರುತ್ತದೆ. ತೂಕ ಹೆಚ್ಚಿಲ್ಲದಿದ್ದರೂ ಸಕ್ಕರೆ ಕಾಯಿಲೆ ಬರುತ್ತದೆ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಹೆಂಗಸರಿಗೆ 80, ಇದಕ್ಕೆ ಮೇಲೆ ಹೋದರೆ ಎಚ್ಚರವೆಂದು ವೈದ್ಯರು ಹೇಳುತ್ತಾರೆ. ದರ್ಜಿಯ ಟೇಪು ಒಂದಿದ್ದರೆ ನಿಮ್ಮ ಖೋಲಿಯಲ್ಲೇ ಅಳೆಯಬಹುದು. ಆ ಹೊಟ್ಟೆ ಹೆಚ್ಚು ಉಂಡದ್ದರಿಂದಲೇ ಬಂತೆಂದು ತಿಳಿಯಬಾರದು. ಒಂದೇ ಬಗೆಯದನ್ನು ಹೆಚ್ಚು, ಬೇಕಾದುದನ್ನು ಕಡಿಮೆ, ಹೊತ್ತಲ್ಲದ ಹೊತ್ತಿನಲ್ಲಿ ಉಂಡದ್ದರಿಂದಲೂ ಬರುತ್ತದೆ.

ಇಲ್ಲಿ ಒಂದು ಅಡಿಗೆಮನೆಯ ಕಥೆ ಹೇಳಬೇಕು. ನಡೆದದ್ದು ಜಾವಾದ ಬಟಾವಿಯಾ ಪಟ್ಟಣದಲ್ಲಿ, ಈಗಿನ ಜಕಾರ್ತದಲ್ಲಿ, 1890ರ ಸುಮಾರಿಗೆ. ಅಲ್ಲಿ ಬೆರಿಬೆರಿ ಎಂಬ ರೋಗ ಸಿಪಾಯಿಗಳನ್ನೂ ಕೈದಿಗಳನ್ನೂ ಕೊಲ್ಲುತ್ತಿತ್ತು. ಕಾಲು ಸೋತು, ಮೈ ಬಾತು, ಕೊನೆಗೆ ಹೃದಯ ನಿಲ್ಲುವ ರೋಗ. ಐಕ್‌ಮನ್ ಎಂಬ ಡಚ್ಚರ ವೈದ್ಯನು ಅದರ ಕ್ರಿಮಿ ಹುಡುಕುತ್ತಿದ್ದ. ಪ್ರಯೋಗಕ್ಕಾಗಿ ಸಾಕಿದ ಕೋಳಿಗಳು ಒಮ್ಮೆ ಇದ್ದಕ್ಕಿದ್ದಂತೆ ಕಾಲು ಸೋತು ತೂರಾಡತೊಡಗಿದವು, ಥೇಟ್ ಬೆರಿಬೆರಿಯವರಂತೆ. ಕೆಲವು ತಿಂಗಳ ಮೇಲೆ ತಾವಾಗಿಯೇ ಗುಣವಾದವು. ಏಕೆಂದು ವಿಚಾರಿಸಿದರೆ ಕಾರಣ ಅಡಿಗೆಯವನು! ಮೊದಲಿನ ಅಡಿಗೆಯವನು ಸೈನ್ಯದ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅಕ್ಕಿಯ ಅನ್ನವನ್ನು ಕೋಳಿಗಳಿಗೆ ಕೊಡುತ್ತಿದ್ದ. ಅವನು ಹೋಗಿ ಬಂದ ಹೊಸಬನು, ಸೈನ್ಯದ ಅನ್ನ ಸೈನ್ಯದ್ದಲ್ಲದ ಕೋಳಿಗೆ ಕೊಡಲಾಗದೆಂದು ಹಟಹಿಡಿದ. ಕೋಳಿಗಳಿಗೆ ತೌಡು ಹೋಗದ ಅಗ್ಗದ ಅಕ್ಕಿ ಬಂತು, ಕಾಲು ನೆಟ್ಟಗಾಯಿತು. ಆಮೇಲೆ ಜಾವಾದ ನೂರಕ್ಕೂ ಹೆಚ್ಚು ಸೆರೆಮನೆಗಳ ಲೆಕ್ಕ ತೆಗೆದರು. ಬೆಳ್ಳಗೆ ಪಾಲಿಶ್ ಮಾಡಿದ ಅಕ್ಕಿ ಬಡಿಸುವಲ್ಲಿ ರೋಗ, ತೌಡಿದ್ದ ಅಕ್ಕಿ ಬಡಿಸುವಲ್ಲಿ ರೋಗ ಅಪರೂಪ. ಅಕ್ಕಿಯಲ್ಲಿ ವಿಷವಿದೆಯೆಂದು ಐಕ್‌ಮನ್ ಮೊದಲು ತಿಳಿದಿದ್ದ. ವಿಷವಲ್ಲ, ತೌಡಿನೊಡನೆ ಏನೋ ಬೇಕಾದುದು ಹೋಗುತ್ತಿದೆ ಎಂದು ಅವನ ಜೊತೆಗಾರ ಗ್ರೈನ್ಸ್ 1901ರಲ್ಲಿ ಹೇಳಿದ. ಅದೇ ಬಿ-1 ಜೀವಸತ್ವ. 1929ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಪಾರಿತೋಷಕ ಬಂತು. ಅಡಿಗೆಯವನ ಹೆಸರು ಎಲ್ಲೂ ಕಾಣುವುದಿಲ್ಲ. ಅದು ನಮಗೆ ಹೊಸದಲ್ಲ.

ಈ ಕಥೆ ನಮ್ಮ ಊರಿನವರೆಗೆ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯವರು ಉಣ್ಣುವ ಕುಚ್ಚಲಕ್ಕಿಯನ್ನು ಭತ್ತವಿದ್ದಾಗಲೇ ಬೇಯಿಸಿ ಒಣಗಿಸಿ ಆಮೇಲೆ ಕುಟ್ಟುತ್ತಾರೆ. ಬೇಯುವಾಗ ತೌಡಿನಲ್ಲಿರುವ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ತೌಡು ಹೋದರೂ ಒಂದು ಪಾಲು ಉಳಿಯುತ್ತದೆ. ಮಲಯಾದಲ್ಲಿ ಬೆಳ್ತಿಗೆ ಅಕ್ಕಿ ಉಣ್ಣುವ ಚೀನೀ ಕೂಲಿಗಳು ಬೆರಿಬೆರಿಯಿಂದ ಸಾಯುತ್ತಿದ್ದಾಗ, ಕುಚ್ಚಲಕ್ಕಿ ಉಣ್ಣುವ ತಮಿಳು ಕೂಲಿಗಳು ಅದಕ್ಕೆ ಸಿಕ್ಕದೆ ಉಳಿದಿದ್ದರೆಂದು ಅಲ್ಲಿನ ವೈದ್ಯರು ಬರೆದಿಟ್ಟಿದ್ದಾರೆ. ಇಂಥ ಅಕ್ಕಿಯ ಗಂಜಿಯನ್ನು ಊರಿನಲ್ಲಿ ಉಂಡು ಬೆಳೆದ ಹುಡುಗ ಮುಂಬಯಿಗೆ ಬಂದು ಆರು ತಿಂಗಳಾಗುವುದರೊಳಗೆ ಗಂಜಿ ಎಂದರೆ ನಾಚುತ್ತಾನೆ. ಅವನಿಗೆ ಬೆಳ್ಳಗಿನ ಅನ್ನ ಬೇಕು, ಮೇಲೆ ಬಣ್ಣದ ಡಬ್ಬಿಯ ಪುಡಿ ಬೇಕು. ಹಾಗೆಯೇ ಬಯಲುಸೀಮೆಯವರ ರಾಗಿ, ಜೋಳ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಕ್ಕುವುದೂ ಕಷ್ಟ. ಗಿರಣಗಾಂವಿನ ಖಾನಾವಳಿಗಳಲ್ಲಿ ತಿಂಗಳ ಲೆಕ್ಕದಲ್ಲಿ ಭಾಕರಿ, ಆಮಟಿ, ಒಂದು ಪಲ್ಯ ಉಂಡು ಮೂರು ಪಾಳಿ ಮಗ್ಗ ನಡೆಸಿದ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. 1982ರ ಮುಷ್ಕರದ ಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಅವರ ಖಾನಾವಳಿಗಳೂ ಕರಗಿದವು. ಆ ಭಾಕರಿ ಇಂದು ದೊಡ್ಡ ಅಂಗಡಿಗಳಲ್ಲಿ ಸಿರಿಧಾನ್ಯವೆಂಬ ಹೆಸರಿನಲ್ಲಿ ಮೂರು ಪಟ್ಟು ಬೆಲೆಗೆ ಬಿಕರಿಯಾಗುತ್ತಿದೆ.

ಕೂನೂರಿನಲ್ಲಿ ಇದೇ ಬೆರಿಬೆರಿಯ ಶೋಧನೆಗೆಂದು 1918ರಲ್ಲಿ ಒಂದು ಕೋಣೆಯಲ್ಲಿ ಶುರುವಾದ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಬಂತು. ಈಗ ಅದು ರಾಷ್ಟ್ರೀಯ ಪೋಷಣ ಸಂಸ್ಥೆ. ಅವರು 2024ರಲ್ಲಿ ಭಾರತೀಯರ ಊಟಕ್ಕೆ ಒಂದು ಲೆಕ್ಕ ಕೊಟ್ಟಿದ್ದಾರೆ. ಎರಡು ಸಾವಿರ ಕ್ಯಾಲೊರಿಯ ದಿನದ ಊಟದಲ್ಲಿ ಅಕ್ಕಿ, ಗೋಧಿ, ರಾಗಿ ಎಲ್ಲ ಸೇರಿ 250 ಗ್ರಾಂ, ಬೇಳೆ ಕಾಳು ಅಥವಾ ಮೀನು ಮೊಟ್ಟೆ 85, ತರಕಾರಿ ಸೊಪ್ಪು 400, ಹಣ್ಣು 100, ಶೇಂಗಾ, ಎಳ್ಳಿನಂಥವು 35, ಎಣ್ಣೆ 27, ಹಾಲು ಮೊಸರು 300 ಮಿಲಿಲೀಟರು. ಇದು ಬೇಯಿಸುವ ಮುಂಚಿನ ತೂಕ. ಮೈಮುರಿದು ದುಡಿಯುವವನಿಗೆ ಇನ್ನೂ ಹೆಚ್ಚು ಬೇಕು.

ಈಗ ಮಧ್ಯಾಹ್ನ ಮೂರೂವರೆಗೆ, ಗಿರಾಕಿಗಳೆಲ್ಲ ಎದ್ದ ಮೇಲೆ, ಹಿಂದಿನ ಬಾಗಿಲ ಬಳಿ ಡಬ್ಬ ಮಗುಚಿ ಕುಳಿತು ನಾವು ಉಣ್ಣುವ ತಟ್ಟೆಯನ್ನು ನೆನೆಯಿರಿ. ಅನ್ನದ ಗುಡ್ಡ. ಅದರ ಮೇಲೆ ತಿಳಿಸಾರು. ಪಲ್ಯ ಗಿರಾಕಿಗೆ ಮುಗಿದಿದೆ. ಉಪ್ಪಿನಕಾಯಿ ಬೇಕಾದಷ್ಟಿದೆ. ಆ ಅನ್ನವಾದರೂ ನಾಲ್ಕು ಸಲ ತೊಳೆದು, ಗಂಜಿ ಬಸಿದು ಮೋರಿಗೆ ಚೆಲ್ಲಿದ್ದು. ನೀರಿನಲ್ಲಿ ಕರಗುವ ಜೀವಸತ್ವವೆಲ್ಲ ಮೋರಿಯ ಪಾಲು. ರಾತ್ರಿ ಹನ್ನೊಂದಕ್ಕೆ ಮತ್ತೆ ಅದೇ, ಜೊತೆಗೆ ಉಳಿದ ವಡೆ ಭಜಿ. ಆ ವಡೆ ಕರಿದ ಎಣ್ಣೆಯನ್ನು ಬೆಳಗಿನಿಂದ ಎಷ್ಟು ಸಲ ಕಾಯಿಸಿದೆಯೆಂದು ಕರಿದವನಿಗೇ ಗೊತ್ತು. ಕರಿಯುವ ಎಣ್ಣೆಯಲ್ಲಿ ಕೆಟ್ಟ ಅಂಶ ಶೇಕಡಾ 25 ದಾಟಿದರೆ ಬಳಸಕೂಡದೆಂದು 2018ರ ಜುಲೈ 1ರಿಂದ ಕಾನೂನಿದೆ. ನಮ್ಮ ಕೈಯಲ್ಲಿ ಅಳೆಯುವ ಯಂತ್ರವಿಲ್ಲ. ಆದರೆ ಎಣ್ಣೆ ಕಪ್ಪಾಗಿ, ಜಿಗುಟಾಗಿ, ಕಾಯುವ ಮೊದಲೇ ಹೊಗೆ ಎದ್ದು, ನೊರೆ ಇಳಿಯದಿದ್ದರೆ ಅದರಲ್ಲಿ ಕರಿದದ್ದನ್ನು ಗಿರಾಕಿಗೂ ಕೊಡಬಾರದು, ನಾವೂ ತಿನ್ನಬಾರದು.

ಇದರಲ್ಲಿ ನಮ್ಮ ಕೈಯಲ್ಲಿರುವುದು ಏನು? ಅನ್ನ ಬಿಡಬೇಡಿ, ಗುಡ್ಡವನ್ನು ಅರ್ಧ ಮಾಡಿ. ಸೌಟನ್ನು ಸಾಂಬಾರಿನ ತಳಕ್ಕೆ ಇಳಿಸಿ, ಬೇಳೆಯೂ ಹೋಳೂ ಅಲ್ಲಿರುತ್ತವೆ. ಅರವತ್ತು ಕಿಲೋ ತೂಗುವವನಿಗೆ ದಿನಕ್ಕೆ ಐವತ್ತು ಗ್ರಾಮಿನಷ್ಟು ಪ್ರೋಟೀನು ಸಾಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಇದೆ. ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ಶೇಂಗಾ ಇನ್ನಷ್ಟು ಕೊಡುತ್ತವೆ. ತಿನ್ನುವವರಿಗೆ ಬಂಗುಡೆ, ಬೂತಾಯಿಗಿಂತ ಒಳ್ಳೆಯ ಮೀನು ಬೇಕಿಲ್ಲ. ಹುರುಳಿ ಸಾರು ಇದ್ದೇ ಇದೆ. ನಮ್ಮ ಇಡ್ಲಿಯಂತೂ ದೊಡ್ಡ ಜಾಣತನದ ತಿಂಡಿ: ಅಕ್ಕಿಯ ಪ್ರೋಟೀನಿನಲ್ಲಿ ಕೊರತೆಯಾದುದನ್ನು ಉದ್ದು ತುಂಬುತ್ತದೆ, ಉದ್ದಿನ ಕೊರತೆಯನ್ನು ಅಕ್ಕಿ. ಹುಳಿ ಬಂದು ಉಬ್ಬುವಾಗ ಜೀರ್ಣಕ್ಕೂ ಹಗುರವಾಗುತ್ತದೆ. ವ್ಯಾಯಾಮಶಾಲೆಗೆ ಹೋಗುವ ಹುಡುಗರು ಪುಡಿಯ ಡಬ್ಬಿಗೆ ಅರ್ಧ ಪಗಾರ ಸುರಿಯುವುದನ್ನು ಕಂಡಿದ್ದೇನೆ. ಆ ಪುಡಿಯ ಗೊಡವೆ ಬೇಡವೆಂದು ಹೈದರಾಬಾದಿನವರ ಪುಸ್ತಕದಲ್ಲೇ ಬರೆದಿದೆ.

ಚಹಾದ ಮಾತು ಆಡಿದರೆ ನನ್ನ ಮೇಲೆ ಸಿಟ್ಟಾಗುವವರಿದ್ದಾರೆ. ಆದರೂ ಲೆಕ್ಕ ಹೇಳುತ್ತೇನೆ. ಒಂದು ಕಟಿಂಗಿಗೆ ಒಂದು ಚಮಚ, ಐದು ಗ್ರಾಂ ಸಕ್ಕರೆ ಎನ್ನಿ. ಹತ್ತು ಕಟಿಂಗಿಗೆ ಐವತ್ತು ಗ್ರಾಂ. ದಿನದ ಒಟ್ಟು ಸಕ್ಕರೆ ಐವತ್ತು ಗ್ರಾಂ ದಾಟಬಾರದು, ಇಪ್ಪತ್ತೈದರ ಒಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯವರ ಮಾತು. ಚಹಾದಲ್ಲೇ ಲೆಕ್ಕ ಮುಗಿಯಿತು. ಶಿರಾ, ಜಿಲೇಬಿ ಇನ್ನೂ ಬಂದಿಲ್ಲ. ಇನ್ನೊಂದು ತೊಂದರೆ, ಊಟದ ಜೊತೆಗೆ ಕುಡಿದ ಚಹಾ ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಊಟದ ಹಿಂದೆ ಮುಂದೆ ಒಂದು ಗಂಟೆ ಬಿಡಿ. ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಸೇರುತ್ತದೆ. ಪಥ್ಯದವರು ಹೇಳುವ ಲಿಂಬೆಗೆ ಅನ್ನದ ತಟ್ಟೆಯೇ ಸರಿಯಾದ ಸ್ಥಳ. ಹಸಿವನ್ನು ಚಹಾದಿಂದ ಮುಚ್ಚುವ ಚಾಳಿ ನಮಗೆ ಬಂದದ್ದು ರುಚಿಗಲ್ಲ, ಊಟಕ್ಕೆ ಬಿಡುವು ಸಿಗದಿದ್ದುದಕ್ಕೆ. ಹಾಗೆಯೇ ಶೌಚಕ್ಕೆ ಹೋಗಲು ಬಿಡುವಿಲ್ಲವೆಂದು ಒಲೆಯ ಮುಂದೆ ನಿಂತವರು ನೀರೇ ಕುಡಿಯುವುದಿಲ್ಲ. ಮೂತ್ರಪಿಂಡದ ಕಲ್ಲು ಹೀಗೆಯೇ ಕಟ್ಟುವುದು. ಉಪ್ಪು ದಿನಕ್ಕೆ ಒಂದು ಚಮಚ, ಐದು ಗ್ರಾಂ, ಉಪ್ಪಿನಕಾಯಿ ಹಪ್ಪಳ ಸೇರಿ.

ಇಷ್ಟು ಹೊತ್ತು ತಟ್ಟೆಯ ಮಾತು ಆಡಿದೆ. ಗಡಿಯಾರದ ಮಾತಿಗೆ ಬಂದರೆ ಅದು ಒಬ್ಬೊಬ್ಬರ ಮನೋಬಲದಿಂದ ಸರಿಯಾಗುವ ವಿಷಯವಲ್ಲ. ಆರು ಗಂಟೆಗೆ ಕೆಲಸ ಹಿಡಿದವನಿಗೆ ಮೂರೂವರೆಗೆ ಮೊದಲ ಊಟವೆಂದರೆ ಯಾವ ಪಥ್ಯವೂ ಅವನನ್ನು ಕಾಯದು. ಮಾತ್ರೆ ತೆಗೆದುಕೊಳ್ಳುವವನಿಗಂತೂ ಅದು ಅಪಾಯ. ಮಹಾರಾಷ್ಟ್ರದ ಅಂಗಡಿ ಸಂಸ್ಥೆಗಳ 2017ರ ಕಾಯ್ದೆ, ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ಜನ ದುಡಿಯುವಲ್ಲಿ, ಸತತ ಐದು ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆಗೆ ಕಡಿಮೆಯಿಲ್ಲದ ಬಿಡುವು ಕೊಡಬೇಕೆಂದು ಬರೆಯಿತು. ಗಂಟೆಯ ಅಂಕಿ ತಿದ್ದುಪಡಿಯಲ್ಲಿ ಅತ್ತಿತ್ತ ಸರಿಯಬಹುದು. ಬಿಡುವು ಎಂಬುದು ಮಾಲಕರ ದಯೆಯಲ್ಲ. ಕೆಲವು ಮಾಲಕರು ಒಳ್ಳೆಯವರಿದ್ದಾರೆ, ತಾವೂ ಮಾಣಿಗಳಾಗಿದ್ದು ಮೇಲೆ ಬಂದವರು. ಅವರ ಹೊಟೆಲುಗಳಲ್ಲಿ ಹನ್ನೊಂದಕ್ಕೆ ಪಾಳಿಯ ಮೇಲೆ ಇಬ್ಬಿಬ್ಬರು ಕುಳಿತು ಬಿಸಿ ಊಟ ಮಾಡುತ್ತಾರೆ, ಗಿರಾಕಿಗೂ ತೊಂದರೆಯಾಗಿಲ್ಲ. ಆದುದರಿಂದ ಇದು ಆಗದ ಕೆಲಸವೆಂದು ಯಾರೂ ಹೇಳಲಾರರು.

ಸಮಿತಿಯು ಮಾಲಕರಿಗೆ ಕೊಡಲು ಒಂದು ಅರ್ಜಿ ಸಿದ್ಧಪಡಿಸಿದೆ. ಬೇಡಿಕೆಗಳು ನಾಲ್ಕೇ: ಬೆಳಗಿನ ಪಾಳಿಗೆ ಎಂಟರೊಳಗೆ ತಿಂಡಿ, ಹನ್ನೊಂದರಿಂದ ಹನ್ನೆರಡೂವರೆಯೊಳಗೆ ಪಾಳಿಯ ಮೇಲೆ ಊಟ, ಆ ಊಟದಲ್ಲಿ ಪ್ರತಿದಿನ ಒಂದು ಪಲ್ಯ ಮತ್ತು ಮಜ್ಜಿಗೆ, ಒಲೆಯ ಬಳಿ ಕುಡಿಯುವ ನೀರಿನ ಕೊಡ. ಕಾವಲಿಯ ಮುಂದೆ ಬಿದ್ದ ನಮ್ಮ ಮಿತ್ರರು ಕೈಗೆ ಪಟ್ಟಿ ಕಟ್ಟಿಕೊಂಡೇ ಇಂದು ಸಭೆಗೆ ಬಂದಿದ್ದಾರೆ, ಮೊದಲ ರುಜು ಅವರದೇ ಬಿದ್ದಿದೆ. ಅರ್ಜಿ ಬಾಗಿಲ ಬಳಿಯ ಮೇಜಿನ ಮೇಲೆ ಕಾರ್ಯದರ್ಶಿಗಳ ಹತ್ತಿರ ಇದೆ. ಹೋಗುವಾಗ ನಿಮ್ಮ ಹೊಟೆಲಿನ ಹೆಸರು, ಈಗ ನಿಮಗೆ ಊಟ ಸಿಗುವ ಹೊತ್ತು ಬರೆದು ರುಜು ಹಾಕಿರಿ. ಬರೆಯಲು ಬಾರದವರಿಗೆ ರಾತ್ರಿ ಶಾಲೆಯ ಹುಡುಗರು ಬರೆದುಕೊಡುತ್ತಾರೆ.